ನಿನ್ನ ಅಕಿಲೀಸನಿಗೆ ಹಸಿವೇ ಆಗಲ್ವಾ?

ತಮ್ಮಾ,

ಗ್ರೀಕ್ ವೀರ ಅಕಿಲೀಸನ ಮೇಲೆ ನೀನು ಬರೆದ ಕಥೆ ಓದಿದೆ. ಮೊದಲ ಪುಟದಲ್ಲೇ ಅವನು ಸಿಂಹ, ಸಿಡಿಲು, ಕಾಡ್ಗಿಚ್ಚು ಎಲ್ಲಾ ಆಗಿಬಿಟ್ಟಿದ್ದಾನೆ. ಸಿಂಹದ ಬಗ್ಗೆ ನನ್ನ ತಕರಾರಿಲ್ಲ, ಗ್ರೀಕ್ ಕವಿ ಹೋಮರನೇ ಬೇಕಾದಷ್ಟು ಸಿಂಹ ತಂದಿದ್ದಾನೆ. ಆದರೆ ಹದಿನೆಂಟು ಪುಟ ಮುಗಿದರೂ ನಿನ್ನ ವೀರನಿಗೆ ಒಂದು ಸಲವೂ ಹೊಟ್ಟೆ ಹಸಿಯುವುದಿಲ್ಲ. ಅದು ಹೇಗೆ?

ಹೋಮರನ ಟ್ರಾಯ್ ಯುದ್ಧದ ಮಹಾಕಾವ್ಯ ಇಲಿಯಡ್‌ನ 19ನೇ ಭಾಗ ತೆಗೆದು ನೋಡು. ಗೆಳೆಯ ಪ್ಯಾಟ್ರೋಕ್ಲಸ್ ಸತ್ತಿದ್ದಾನೆ, ಅಕಿಲೀಸ್ ಈಗಲೇ ಯುದ್ಧ ಎನ್ನುತ್ತಾನೆ. ಅವನ ಕಡೆಯ ಇನ್ನೊಬ್ಬ ವೀರ ಒಡಿಸ್ಯೂಸ್ ತಡೆಯುತ್ತಾನೆ. ಮೊದಲು ಸೈನಿಕರು ಊಟ ಮಾಡಲಿ, ಖಾಲಿ ಹೊಟ್ಟೆಯಲ್ಲಿ ದಿನವಿಡೀ ಹೊಡೆದಾಡೋಕೆ ಆಗಲ್ಲ ಅಂತ. ಇಂಥ ಹೊತ್ತಲ್ಲಿ ಊಟದ ಬಗ್ಗೆ ವಾದ! ಅಕಿಲೀಸ್ ಮಾತ್ರ ತುತ್ತು ಮುಟ್ಟುವುದಿಲ್ಲ. ಅವನ ದುಃಖ ಎಷ್ಟು ಅಂತ ನನಗೆ ಗೊತ್ತಾಗಿದ್ದೇ ಅಲ್ಲಿ.

ಕೊನೆಗೆ, 24ನೇ ಭಾಗದಲ್ಲಿ, ಟ್ರಾಯ್‌ನ ಮುದುಕ ರಾಜ ಪ್ರಿಯಾಮ್ ರಾತ್ರಿ ಹೊತ್ತು ಶತ್ರು ಅಕಿಲೀಸನ ಬಿಡಾರಕ್ಕೆ ಬಂದು, ತನ್ನ ಮಕ್ಕಳನ್ನು ಕೊಂದ ಕೈಗೇ ಮುತ್ತಿಟ್ಟು, ಮಗ ಹೆಕ್ಟರನ ಹೆಣ ಕೊಡು ಅಂತ ಬೇಡುತ್ತಾನೆ. ಇಬ್ಬರೂ ಅಳುತ್ತಾರೆ, ಒಬ್ಬ ಮಗನಿಗಾಗಿ, ಇನ್ನೊಬ್ಬ ಊರಲ್ಲಿರುವ ಅಪ್ಪನಿಗಾಗಿ, ನಡುನಡುವೆ ಗೆಳೆಯನಿಗಾಗಿ. ನೀನಾಗಿದ್ದರೆ ಅಲ್ಲೇ ತೆರೆ ಎಳೆಯುತ್ತಿದ್ದೆ, ಅಲ್ವಾ? ಹೋಮರ ಎಳೆಯುವುದಿಲ್ಲ. ಅಕಿಲೀಸ್ ಎದ್ದು ಒಂದು ಬಿಳಿ ಕುರಿ ಕೊಯ್ಯುತ್ತಾನೆ. ಜೊತೆಯವರು ಚರ್ಮ ಸುಲಿದು, ತುಂಡು ಮಾಡಿ, ಸಲಾಕೆಗೆ ಚುಚ್ಚಿ ಸುಡುತ್ತಾರೆ. ಜೊತೆಗಾರ ಆಟೋಮೆಡಾನ್ ಬುಟ್ಟಿಯಲ್ಲಿ ರೊಟ್ಟಿ ತಂದಿಡುತ್ತಾನೆ. ಮಾಂಸ ಬಡಿಸುವವನು ಅಕಿಲೀಸನೇ. ಮಗ ಸತ್ತಾಗಿನಿಂದ ಆ ಮುದುಕ ಬಾಯಿಗೆ ಏನೂ ಹಾಕಿರಲಿಲ್ಲ. ಊಟ ಮುಗಿದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಬೆರಗಿನಿಂದ ನೋಡುತ್ತಾ ಕೂರುತ್ತಾರೆ.

ಹರ್ಕ್ಯುಲಿಸ್ ಅಂತೂ ನಮ್ಮ ಭೀಮನ ಥರ. ಕ್ರಿ.ಪೂ. 405ರ ‘ಕಪ್ಪೆಗಳು’ ನಾಟಕದಲ್ಲಿ ಗ್ರೀಕ್ ನಾಟಕಕಾರ ಅರಿಸ್ಟೋಫನೀಸ್ ಅವನ ಕಾಳಿನ ಗಂಜಿಯ ಆಸೆಯನ್ನೇ ತಮಾಷೆ ಮಾಡುತ್ತಾನೆ. ನಾನು ನಿನ್ನ ವಯಸ್ಸಲ್ಲಿ ಇದೇ ಹರ್ಕ್ಯುಲಿಸನ ಮೇಲೆ ನಾಟಕ ಬರೆದಿದ್ದೆ, 12 ಸಾಹಸಕ್ಕೆ 12 ದೃಶ್ಯ, ಗಂಜಿ ಇಲ್ಲ. ಐದನೇ ಸಾಹಸಕ್ಕೇ ಜನ ಎದ್ದು ಹೋದರು.

ಕವಿಗಳ ಪಾಡೂ ಇದೇ. ಗ್ರೀಕ್ ಕವಿ ಹೆಸಿಯಡ್ ಹೆಲಿಕಾನ್ ಬೆಟ್ಟದ ಕೆಳಗೆ ಕುರಿ ಮೇಯಿಸುವಾಗ ಕಾವ್ಯದ ದೇವತೆಗಳಾದ ಮ್ಯೂಸ್ ದೇವಿಯರು ಬಂದು ಹಾಡು ಕೊಟ್ಟರಂತೆ. ಕೊಡುವ ಮೊದಲು ಕುರಿ ಕಾಯುವವರನ್ನೆಲ್ಲ ‘ಬರೀ ಹೊಟ್ಟೆಗಳು’ ಅಂತ ಬೈದರಂತೆ. ಪಾಪ, ಅದನ್ನೂ ಅವನೇ ಬರೆದಿಟ್ಟಿದ್ದಾನೆ.

ಕಥೆ ಮತ್ತೆ ಬರಿ. ಪ್ಯಾಟ್ರೋಕ್ಲಸ್ ಸತ್ತ ಆ ರಾತ್ರಿಯಿಂದ ಶುರು ಮಾಡು. ಊಟ ತಂದಿಟ್ಟಿದ್ದಾರೆ, ಇವನು ಮುಟ್ಟುತ್ತಿಲ್ಲ. ತಣ್ಣಗಾದ ಮಾಂಸವನ್ನು ವಾಪಸ್ ಎತ್ತಿಕೊಂಡು ಹೋಗುವವನು ಯಾರು, ಹೊರಗೆ ಕಾಯುತ್ತಿದ್ದವರಿಗೆ ಅವನು ಏನು ಹೇಳಿದ? ಅಷ್ಟು ಬರೆದು ಕಳಿಸು. ಸಿಂಹವನ್ನು ಆಮೇಲೆ ನೋಡೋಣ.