ಓದಿದ ಪುಸ್ತಕವನ್ನೇ ಮತ್ತೆ ತಂದರೆ ಬೈಯಬೇಡಿ

ಮಾನ್ಯ ಪೋಷಕರೇ,

ನಮಸ್ಕಾರ.

ಕಳೆದ ಪೋಷಕರ ಸಭೆ ಮುಗಿದ ಮೇಲೆ ಎಂಟನೇ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನ ಕೊಠಡಿಗೆ ಬಂದಿದ್ದರು. ಮಗಳು ಶಾಲೆಯ ಗ್ರಂಥಾಲಯದಿಂದ ಮೂರನೇ ಸಲವೂ ಅದೇ ಕಾದಂಬರಿಯನ್ನು ಮನೆಗೆ ತಂದಿದ್ದಳಂತೆ. "ಹೊಸದೇನಾದರೂ ಕೊಡಿಸಿ ಮೇಡಂ, ಓದಿದ್ದನ್ನೇ ಓದುತ್ತಾ ಕೂತರೆ ಮುಂದೆ ಹೋಗುವುದು ಯಾವಾಗ?" ಎಂದರು. ಕಾಳಜಿಯಿಂದ ಕೇಳಿದ ಮಾತು. ಹೊರಗೆ ಇನ್ನೂ ನಾಲ್ಕಾರು ಜನ ಕಾಯುತ್ತಿದ್ದರಿಂದ ಎರಡೇ ಮಾತಿನಲ್ಲಿ ಉತ್ತರಿಸಿ ಕಳಿಸಿಬಿಟ್ಟೆ. ಅದು ಸಾಲದು ಎಂದು ಮನಸ್ಸು ಹೇಳುತ್ತಲೇ ಇತ್ತು. ಅದಕ್ಕೇ ಈ ಪತ್ರ.

ಮೊದಲ ಓದಿನಲ್ಲಿ ನಾವು ಕಥೆಯ ಬೆನ್ನು ಹತ್ತಿ ಓಡುತ್ತೇವೆ. ಮುಂದೇನಾಯಿತು ಎಂಬ ಆತುರದಲ್ಲಿ ಎಷ್ಟೋ ಸಾಲುಗಳು ಕಣ್ಣಿಗೆ ಬಿದ್ದರೂ ಮನಸ್ಸಿಗೆ ಬೀಳುವುದಿಲ್ಲ. ಎರಡನೇ ಸಲ ಆ ಆತುರ ಇರುವುದಿಲ್ಲ. ಕೊನೆ ಗೊತ್ತಿರುವುದರಿಂದಲೇ ನಡುದಾರಿಯಲ್ಲಿ ನಿಲ್ಲಲು ಪುರುಸೊತ್ತು ಸಿಗುತ್ತದೆ.

ನನ್ನದೇ ಅನುಭವ ಹೇಳುತ್ತೇನೆ. ಪಂಪನ 'ವಿಕ್ರಮಾರ್ಜುನ ವಿಜಯ' ಕ್ರಿ.ಶ. 941ರ ಸುಮಾರಿನದು. ಅದರ "ನೆತ್ತಮನಾಡಿ ಭಾನುಮತಿ ಸೋಲ್ತೊಡೆ" ಎಂದು ಶುರುವಾಗುವ ಪದ್ಯ ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ತನ್ನ ಜನ್ಮರಹಸ್ಯ ತಿಳಿದ ಮೇಲೂ ಕರ್ಣ ದುರ್ಯೋಧನನನ್ನು ಬಿಟ್ಟು ಬರಲು ಒಪ್ಪದೆ ಹಳೆಯ ಘಟನೆಯೊಂದನ್ನು ನೆನೆಯುತ್ತಾನೆ. ಪಗಡೆಯಲ್ಲಿ ದುರ್ಯೋಧನನ ಹೆಂಡತಿ ಭಾನುಮತಿ ಸೋತಳು. ಪಣ ಕೊಡು ಎಂದು ಕಾಡುವಾಗ ಹಾರ ಹರಿದು ಮುತ್ತುಗಳು ಚೆಲ್ಲಿದವು. ಅದನ್ನು ಕಂಡ ದುರ್ಯೋಧನ ಕಿಂಚಿತ್ತೂ ಶಂಕೆಯಿಲ್ಲದೆ, ಇವನ್ನು ಆಯಲೇ ಎಂದು ಕೇಳಿದ. ಅಂಥವನನ್ನು ತೊರೆದು ಬಂದರೆ ನಾನು ನೀಚನಾಗುವುದಿಲ್ಲವೇ ಎನ್ನುತ್ತಾನೆ ಕರ್ಣ.

ಕಾಲೇಜಿನಲ್ಲಿ ಈ ಪದ್ಯವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಆ ಪುಸ್ತಕ ಈಗಲೂ ನನ್ನ ಬಳಿ ಇದೆ; ಅಂಚಿನಲ್ಲಿ ಪೆನ್ಸಿಲಿನಿಂದ 'ಲಂಬಣ = ಹಾರ' ಎಂದು ಬರೆದುಕೊಂಡಿದ್ದೇನೆ. ಆಗ ಕಂಡದ್ದು ಕರ್ಣನ ಋಣ, ಅಷ್ಟೇ. ಕೆಲಸಕ್ಕೆ ಸೇರಿ, ಹತ್ತು ಜನರೊಡನೆ ಏಗಿ, ನಂಬಿಕೆ ಗಳಿಸುವುದೆಷ್ಟು ಕಷ್ಟ ಎಂದು ತಿಳಿದ ಮೇಲೆ ಅದೇ ಪದ್ಯ ಓದಿದಾಗ ಕಣ್ಣು ದುರ್ಯೋಧನನ ಮೇಲೆ ನಿಂತಿತು. ಲೋಕವೆಲ್ಲ ಕೆಟ್ಟವನೆಂದು ಬೆರಳು ತೋರಿಸುವವನು, ಮುತ್ತು ಆಯಲೇ ಎಂದು ಕೇಳುತ್ತಿದ್ದಾನೆ! ಈಚೆಗೆ ಓದಿದಾಗ ಭಾನುಮತಿ ಕಂಡಳು. ಹಾರ ಅವಳದು, ಸೋಲು ಅವಳದು, ಆದರೆ ಪದ್ಯದಲ್ಲಿ ಅವಳ ಒಂದು ಮಾತೂ ಇಲ್ಲ. ಅವಳೊಡನೆ ಆಡುತ್ತಿದ್ದವನು ಕರ್ಣನೋ ದುರ್ಯೋಧನನೋ ಎಂಬುದರ ಬಗ್ಗೆಯೇ ವಿದ್ವಾಂಸರಲ್ಲಿ ಚರ್ಚೆ ನಡೆದಿದೆ. ನಾಲ್ಕು ಸಾಲಿನ ಪದ್ಯ, ಒಂದಕ್ಷರವೂ ಬದಲಾಗಿಲ್ಲ. ಮೂರು ಸಲ ಓದಿದಾಗ ಮೂವರು ಎದುರಾದರು.

ಕಾದಂಬರಿಯಲ್ಲೂ ಹೀಗೇ ಆಗುತ್ತದೆ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕೃತಿಯನ್ನು ಮೊದಲು ಓದಿದಾಗ ಗುತ್ತಿ-ತಿಮ್ಮಿ, ಮುಕುಂದಯ್ಯ-ಚಿನ್ನಮ್ಮ ಎಂಬ ಪ್ರೇಮಿಗಳು ಏನಾಗುತ್ತಾರೋ ಎಂಬ ಆತಂಕದಲ್ಲೇ ಪುಟ ತಿರುವಿದೆ. 'ಹುಲಿಯ' ಎಂಬ ಹೆಸರಿನ ಗುತ್ತಿಯ ನಾಯಿ ಕೊನೆಗೆ ಹೊಳೆಯ ಪಾಲಾದಾಗ ಅಯ್ಯೋ ಅನ್ನಿಸಿತು, ಮುಂದೆ ಹೋದೆ. ವರ್ಷಗಳಾದ ಮೇಲೆ ಮತ್ತೆ ಹಿಡಿದರೆ, ಶುರುವಿನಲ್ಲೇ ಹುಲಿಯ ತನ್ನ ಒಡೆಯನ ಜೊತೆ ಇದ್ದಾನೆ. ಅವನ ಕೊನೆ ಏನೆಂದು ನನಗೆ ಗೊತ್ತು, ಗುತ್ತಿಗೆ ಗೊತ್ತಿಲ್ಲ. ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ. "ಇಲ್ಲಿ ಯಾರೂ ಮುಖ್ಯರಲ್ಲ, ಯಾರೂ ಅಮುಖ್ಯರಲ್ಲ, ಯಾವುದೂ ಯಃಕಶ್ಚಿತವಲ್ಲ!" ಎಂದು ಅವರು ಆರಂಭದಲ್ಲೇ ಬರೆದ ಮಾತು ನನ್ನೊಳಗೆ ಇಳಿದದ್ದು ಅವತ್ತೇ.

ಎಲ್ಲ ಪುಸ್ತಕವೂ ಮರು ಓದಿಗೆ ನಿಲ್ಲುವುದಿಲ್ಲ. ಕೆಲವು ಒಂದೇ ಓದಿಗೆ ಬರಿದಾಗುತ್ತವೆ. ಮಕ್ಕಳಿಗೆ ಅದು ತಾನಾಗಿ ತಿಳಿಯುತ್ತದೆ, ನಾವು ಹೇಳಬೇಕಿಲ್ಲ.

ಆ ಹುಡುಗಿಯನ್ನು ಕರೆದು, ಮೂರನೇ ಸಲ ಯಾಕಮ್ಮ ಎಂದು ಕೇಳಿದೆ. ಸ್ವಲ್ಪ ಹೊತ್ತು ತಡೆದು, "ಮೊದಲ ಸಲ ಆ ಅಪ್ಪನ ಮೇಲೆ ತುಂಬಾ ಸಿಟ್ಟು ಬಂದಿತ್ತು ಮೇಡಂ, ಈಗ ಅಷ್ಟಿಲ್ಲ" ಎಂದಳು. ಇಷ್ಟು ಹೇಳಬಲ್ಲ ಮಗು ನಿಂತಲ್ಲೇ ನಿಂತಿದೆ ಎಂದು ನಾನು ಹೇಗೆ ಒಪ್ಪಲಿ?

ಒಂದೇ ಪುಸ್ತಕವನ್ನು ಬೆನ್ನುಬೆನ್ನಿಗೆ ಎರಡು ಸಲ ಕೊಡಬಾರದು ಎಂಬ ನಿಯಮ ನಮ್ಮ ಗ್ರಂಥಾಲಯದಲ್ಲಿತ್ತು. ಅವಳು ಪ್ರತಿ ಸಲ ನಡುವೆ ಬೇರೊಂದನ್ನು ಒಯ್ದು, ಓದದೆ ಮರಳಿಸಿ, ಮತ್ತೆ ಇದನ್ನು ಪಡೆಯುತ್ತಿದ್ದಳಂತೆ. ಆ ನಿಯಮವನ್ನು ತೆಗೆದುಹಾಕಿದ್ದೇವೆ. ಬೇರೆ ಮಕ್ಕಳು ಕೇಳದಿದ್ದರೆ ಅದೇ ಪುಸ್ತಕವನ್ನು ಮತ್ತೆ ಒಯ್ಯಬಹುದು. ಓದಿನ ದಾಖಲೆ ಪುಸ್ತಕದಲ್ಲಿ ಮರು ಓದಿಗೂ ಒಂದು ಸಾಲು ಇರುತ್ತದೆ. ಅಲ್ಲಿ ಸಾರಾಂಶ ಬೇಡ. ಈ ಸಲ ಹೊಸದಾಗಿ ಏನು ಕಂಡಿತು ಎಂಬುದಷ್ಟನ್ನೇ ಬರೆಯಲಿ. ಇದಕ್ಕೆ ಅಂಕ ಇರುವುದಿಲ್ಲ.

ನಿಮ್ಮಲ್ಲಿ ಒಂದು ಕೋರಿಕೆ. ನೀವು ಹದಿನೈದು-ಇಪ್ಪತ್ತರ ವಯಸ್ಸಿನಲ್ಲಿ ಮೆಚ್ಚಿ ಓದಿದ ಒಂದು ಪುಸ್ತಕವನ್ನು ಈ ತಿಂಗಳು ಮತ್ತೆ ತೆರೆಯಿರಿ. ಪೂರ್ತಿ ಓದಲು ಬಿಡುವಿಲ್ಲದಿದ್ದರೆ ಒಂದೇ ಅಧ್ಯಾಯ ಸಾಕು. ಆಗ ಹೇಗನ್ನಿಸಿತ್ತು, ಈಗ ಹೇಗನ್ನಿಸಿತು ಎಂದು ಮಕ್ಕಳ ಬಳಿ ಹೇಳಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕ ತಂದರೆ ನನಗೂ ಸಂತೋಷ. ಈ ಸಲ ಯಾರನ್ನೂ ಎರಡೇ ಮಾತಿನಲ್ಲಿ ಕಳಿಸುವುದಿಲ್ಲ.

ಆ ಹುಡುಗಿ ಮೊನ್ನೆ ಕಾದಂಬರಿಯನ್ನು ಹಿಂದಿರುಗಿಸಿದಳು. ಬೈಂಡು ಸಡಿಲವಾಗಿತ್ತು. ಅಂಟು ಹಾಕಿಸಿ, ಅವಳ ಕೈಗೆ ಎಟುಕುವ ಅದೇ ಕಪಾಟಿನಲ್ಲಿ ಇಡಿಸಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ