ಅರ್ಥ ಕೇಳಲು ಬಂದವರು ಉಂಡು ಹೋಗಲಿ: ಆಟಿ ತಿಂಗಳ ತಾಳಮದ್ದಳೆ ಸಪ್ತಾಹಕ್ಕೆ ಹೊರೆಕಾಣಿಕೆ ಮನವಿ

ಊರ ಹತ್ತು ಸಮಸ್ತರಿಗೆ, ಪರವೂರಲ್ಲಿರುವ ನಮ್ಮವರಿಗೆ, ಅರ್ಥ, ಅಂದರೆ ತಾಳಮದ್ದಳೆಯೆಂಬ ಕೂತಾಡುವ ಯಕ್ಷಗಾನದ ಮಾತು, ಕೇಳುವ ಹುಚ್ಚಿರುವ ಎಲ್ಲರಿಗೂ ನಮಸ್ಕಾರ.

ಹೋದ ವರ್ಷ ಸಪ್ತಾಹದ ಐದನೇ ದಿನ ನಮ್ಮಿಂದಾದ ಎಡವಟ್ಟನ್ನು ಮೊದಲೇ ಹೇಳಿಬಿಡುತ್ತೇವೆ. ಅಂದು ಕರ್ಣಭೇದನ ಪ್ರಸಂಗ. ಕೃಷ್ಣ ಇನ್ನೇನು ಕರ್ಣನಿಗೆ ಜನ್ಮರಹಸ್ಯ ಹೇಳಬೇಕು, ಅಷ್ಟರಲ್ಲಿ ಅಡುಗೆಮನೆಯಿಂದ ಸುದ್ದಿ ಬಂತು: ಅಕ್ಕಿ ಮುಗಿದಿದೆ, ರಾತ್ರಿ ಊಟವಿಲ್ಲ. ನಾವು ಲೆಕ್ಕ ಹಾಕಿದ್ದು ನೂರೈವತ್ತು ಜನಕ್ಕೆ, ದಿನವೂ ಬಂದದ್ದು ಇನ್ನೂರೈವತ್ತರ ಹತ್ತಿರ. ಸುದ್ದಿ ಸಾಲಿನಿಂದ ಸಾಲಿಗೆ ದಾಟಿತು. ಸಕ್ಕರೆ ಕಾಯಿಲೆಯವರು ರಾತ್ರಿ ಒಂಬತ್ತೂವರೆವರೆಗೆ ಹಸಿದು ಕೂರುವಂತಿಲ್ಲ, ಎದ್ದರು. ಮಕ್ಕಳನ್ನು ಕರೆತಂದವರೂ ಕೊಡೆ ಬಿಡಿಸಿದರು. ತಾನು ಯಾರೆಂದು ಕರ್ಣನಿಗೆ ಗೊತ್ತಾಗುವ ಹೊತ್ತಿಗೆ ಎದುರಿಗಿದ್ದವರು ಹೆಚ್ಚೆಂದರೆ ಮೂವತ್ತು ಮಂದಿ. ಅರ್ಥ ಹೇಳುವ ಅರ್ಥಧಾರಿಗಳು ನಮಗೆ ಒಂದು ಮಾತೂ ಆಡಲಿಲ್ಲ, ಅದು ಅವರ ದೊಡ್ಡತನ. ನಮಗಂತೂ ಮುಖ ಎತ್ತಲಾಗಲಿಲ್ಲ.

ಹಾಗಾಗಿ ಈ ಸಲ ಕೇಳುತ್ತಿರುವುದು ಕಲಾವಿದರ ಗೌರವಧನಕ್ಕಲ್ಲ. ಅದಕ್ಕೆ ದೇವಸ್ಥಾನದ ನಿಧಿಯಲ್ಲಿ ದಾರಿಯಾಗಿದೆ. ಇದು ಅಡುಗೆಮನೆಯ ಮನವಿ: ಊಟಕ್ಕೆ ಬೇಕಾದ ಸಾಮಾನನ್ನು ಊರವರೇ ಹೊತ್ತು ತಂದು ಕೊಡುವ ಹೊರೆಕಾಣಿಕೆಗಾಗಿ.

ಮೇ ಕೊನೆಯ ಹೊತ್ತಿನ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ದೀಪಾವಳಿ ಹೊತ್ತಿನವರೆಗೆ ಬಯಲಾಟವಿಲ್ಲ. ವೇಷ, ಕುಣಿತ, ರಂಗಸ್ಥಳ ಯಾವುದೂ ಬೇಡದ ತಾಳಮದ್ದಳೆಗೆ ಆಗಲೇ ಸುಗ್ಗಿ. ಹೊರಗೆ ಜಡಿಮಳೆ, ಒಳಗೆ ಎದುರುಬದುರು ಕೂತ ನಾಲ್ವರ ಮಾತು. ಆದರೆ ಅದೇ ಆಟಿ (ಜುಲೈ-ಆಗಸ್ಟ್ ನಡುವಿನ ತುಳು ತಿಂಗಳು) ನಮ್ಮ ಹಿರಿಯರಿಗೆ ಹೊಟ್ಟೆಯ ಕಷ್ಟದ ತಿಂಗಳು. ಪತ್ತಾಯದ ಭತ್ತ ತಳ ಕಾಣುತ್ತಿತ್ತು, ಗದ್ದೆಯದ್ದು ಇನ್ನೂ ಕೈಗೆ ಬಂದಿರುತ್ತಿರಲಿಲ್ಲ. ಉಪ್ಪಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ, ಕಣಿಲೆ (ಎಳೆ ಬಿದಿರು), ತಜಂಕು ಸೊಪ್ಪು, ಕೆಸು ಇವೇ ಗತಿ. ಈಗ ಅವನ್ನೇ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಎಂದು ಸಾಲಾಗಿ ಜೋಡಿಸಿ ಫೋಟೊ ತೆಗೆಯುತ್ತೇವೆ, ಅದಿರಲಿ. ಅರ್ಥ ಕೇಳಿದವರ ಎಲೆಗೂ ಅದೇ ಅಡುಗೆ ಬೀಳಲಿ ಎಂಬುದು ಸಮಿತಿಯ ಆಸೆ.

ಈ ವರ್ಷ ಕತೆಗೆ ತಕ್ಕ ತಿಂಡಿ ಮಾಡುವುದೆಂದು ತೀರ್ಮಾನವಾಗಿದೆ. ಮೊದಲ ದಿನ ಕುಚೇಲನ ಕತೆ, ಸಂಜೆಗೆ ಬೆಲ್ಲ ಕಾಯಿತುರಿ ಕಲಸಿದ ಅವಲಕ್ಕಿ. ಕೃಷ್ಣಸಂಧಾನದ ದಿನ, ಕೌರವನ ಔತಣ ಬಿಟ್ಟು ಕೃಷ್ಣ ವಿದುರನ ಮನೆಯ ಕುಡಿತೆ ಹಾಲಿಗೆ ಒಲಿಯುವ ಸಂದರ್ಭ ಬಂದಾಗ, ಸಭೆಗೆಲ್ಲ ಬಿಸಿಹಾಲು ಹಂಚುತ್ತೇವೆ. ಹಾಡುವ ಭಾಗವತರ ಪದ ನಿಲ್ಲಬಾರದು, ಲೋಟ ಸದ್ದಾಗಬಾರದು. ಅದಕ್ಕಾಗಿ ಹತ್ತು ಹುಡುಗರು ಈಗಲೇ ಅಭ್ಯಾಸ ಶುರು ಮಾಡಿದ್ದಾರೆ, ನೋಡೋಣ. ಬಕಾಸುರನ ದಿನ ಊಟ ಸ್ವಲ್ಪ ಜಾಸ್ತಿ ಬೇಕಾಗುತ್ತದೆ ಎಂದು ಅಡುಗೆಯವರೇ ಎಚ್ಚರಿಸಿದ್ದಾರೆ. ಒಂದು ದಿನ ಮರಕೆಸುವಿನ ಪತ್ರೊಡೆ. ಹುಳಿ ಕಮ್ಮಿಯಾದರೆ ಗಂಟಲು ತುರಿಸುತ್ತದೆ, ಆದ್ದರಿಂದ ಅರ್ಥಧಾರಿಗಳಿಗೆ ಕೊನೆಯ ಮಂಗಳಪದವಾದ ಮೇಲೆಯೇ ಬಡಿಸುವುದು.

ಆಟಿ ಅಮಾವಾಸ್ಯೆ ಸಪ್ತಾಹದ ನಡುವೆಯೇ ಬರುತ್ತದೆ. ಅಂದು ಬೆಳಿಗ್ಗೆ ಹಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ. ಬೆಳಕು ಹರಿಯುವ ಮೊದಲು ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆಯಬೇಕು. ಓಮ, ಕರಿಮೆಣಸು, ಬೆಳ್ಳುಳ್ಳಿ ಸೇರಿಸಿ ಅರೆದು, ಹಿಂಡಿದ ರಸಕ್ಕೆ ಕೆಂಪಗೆ ಕಾಯಿಸಿದ ಬೆಣಚುಕಲ್ಲು ಹಾಕಿದರೆ ಅದೇ ಒಗ್ಗರಣೆ. ಕಹಿ ಎಂದರೆ ಕಹಿ. ಹಿಂದೆಯೇ ಮೆಂತೆ ಗಂಜಿ ಕೊಡುತ್ತೇವೆ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಕೆತ್ತೆಯನ್ನು ದಯವಿಟ್ಟು ಯಾರೂ ಕಾಣಿಕೆಯಾಗಿ ತರಬೇಡಿ, ತಂದರೂ ತೆಗೆದುಕೊಳ್ಳುವುದಿಲ್ಲ. ಕತ್ತಲಲ್ಲಿ ಹಾಲೆಯೆಂದು ವಿಷದ ಕಾಸರ್ಕ ಮರದ ಕೆತ್ತೆ ತಂದು ಜೀವ ಕಳೆದುಕೊಂಡವರಿದ್ದಾರೆ. ಗುರುತು ಬಲ್ಲ ಹಿರಿಯರಿಬ್ಬರು ಹಿಂದಿನ ದಿನ ಹಗಲಲ್ಲೇ ಮರಕ್ಕೆ ನೂಲು ಕಟ್ಟಿ ಬರುತ್ತಾರೆ. ತರುವವರೂ ಅವರೇ.

ಇನ್ನು ಲೆಕ್ಕ. ದಿನಕ್ಕೆ 250 ಜನರೆಂದು ಹಿಡಿದಿದ್ದೇವೆ. ಒಂದು ರಾತ್ರಿಗೆ ಅಕ್ಕಿ 30 ಕಿಲೊ, ಅಂದರೆ ಏಳು ದಿನಕ್ಕೆ ಎರಡು ಕ್ವಿಂಟಲಿಗೂ ಸ್ವಲ್ಪ ಮೇಲೆ. ಬಾಳೆಲೆ 1,750. ಹಾಲಿನ ದಿನಕ್ಕೆ 40 ಲೀಟರ್ ಹಾಲು. ತೆಂಗಿನಕಾಯಿ, ಬೆಲ್ಲ, ಸೌತೆ, ಕುಂಬಳ, ಹುಣಸೆಹುಳಿ, ಒಣ ಕಟ್ಟಿಗೆ ಎಷ್ಟು ಬಂದರೂ ಸೈ. (ಮಳೆಗಾಲದಲ್ಲಿ ಒಣ ಕಟ್ಟಿಗೆ ಕೊಡುವವರು ನಿಜವಾದ ದಾನಿಗಳು.) ಎಲ್ಲವನ್ನೂ ಅಂಗಡಿಯಿಂದ ತರುವುದಾದರೆ ಊಟಕ್ಕೆ ತಲೆಗೆ ₹70, ಸಂಜೆಯ ಕಾಫಿ ತಿಂಡಿಗೆ ₹20 ಎಂದು ನಮ್ಮ ಅಂದಾಜು. ದಿನಕ್ಕೆ ₹22,500, ಒಟ್ಟು ₹1,57,500. ಹೊರೆಕಾಣಿಕೆ ಹೆಚ್ಚು ಬಂದಷ್ಟೂ ಈ ಮೊತ್ತ ಇಳಿಯುತ್ತದೆ.

ಊರಲ್ಲಿರುವವರು ತೋಟದಲ್ಲಿ, ಅಟ್ಟದಲ್ಲಿ ಇದ್ದದ್ದನ್ನು ಕೊಡಿ. ಐದು ತೆಂಗಿನಕಾಯಿಯೂ ಕಾಣಿಕೆಯೇ. ಮುಂಬೈ, ದುಬೈ, ಬೆಂಗಳೂರಲ್ಲಿರುವವರು ಕಾಯಿ ಹೊತ್ತು ತರಲಾಗದು. ಒಂದು ದಿನದ ಊಟವನ್ನೋ ಅರ್ಧ ದಿನದ್ದನ್ನೋ ಮನೆಯ ಹಿರಿಯರ ಹೆಸರಲ್ಲಿ ವಹಿಸಿಕೊಳ್ಳಬಹುದು. ನಾಲ್ಕು ಮನೆಯವರು ಸೇರಿ ಒಂದು ದಿನ ಹಿಡಿದರೂ ಆಯಿತು. ದುಡ್ಡನ್ನು ದೇವಸ್ಥಾನದ ಖಾತೆಗೆ ಮಾತ್ರ ಹಾಕಿ, ರಸೀದಿ ಕೇಳಿ ಪಡೆಯಿರಿ. ಸಮಿತಿಯವರೆಂದು ಹೇಳಿ ಯಾರಾದರೂ ರಸೀದಿ ಪುಸ್ತಕವಿಲ್ಲದೆ ಮನೆಗೆ ಬಂದರೆ ಕಾಫಿ ಕೊಟ್ಟು ಕಳಿಸಿ, ದುಡ್ಡು ಕೊಡಬೇಡಿ. ಖರ್ಚಿನ ಪಟ್ಟಿ ಸಪ್ತಾಹ ಮುಗಿದ ಹದಿನೈದು ದಿನದೊಳಗೆ ಕಚೇರಿಯ ಗೋಡೆಯಲ್ಲಿರುತ್ತದೆ.

ದಾನಿಗಳ ಹೆಸರನ್ನು ಅಂದಂದು ಮಂಗಳದ ನಂತರ ಓದುತ್ತೇವೆ. ನಡುವೆ ಓದುವುದಿಲ್ಲ, ಭೀಷ್ಮ ಶಸ್ತ್ರ ಕೆಳಗಿಡುವಾಗ ಮೈಕಿನಲ್ಲಿ ಹೆಸರು ಕೂಗಿದ ಅನುಭವ ಒಮ್ಮೆ ಆಗಿದೆ, ಸಾಕು. ಹೆಚ್ಚು ಕೊಟ್ಟವರಿಗೆ ಬೇರೆ ಪಂಕ್ತಿ ಇಲ್ಲ. ಭಾಗವತರಿಗೂ ಅಡಿಕೆ ಸುಲಿಯಲು ಬರುವವರಿಗೂ ಅದೇ ಸಾಲು, ಅದೇ ಸಾರು.

ಸಪ್ತಾಹದ ಹಿಂದಿನ ದಿನ ಮಧ್ಯಾಹ್ನ ಮೂರಕ್ಕೆ ಕಟ್ಟೆಯ ಬಳಿಯಿಂದ ಹೊರೆಕಾಣಿಕೆ ಹೊರಡುತ್ತದೆ. ಈ ಸಲ ನಾಸಿಕ್ ಬ್ಯಾಂಡ್ ಇಲ್ಲ, ಆ ದುಡ್ಡಿಗೆ ಬೇಳೆ ತರುತ್ತೇವೆ. ಅಂದು ರಾತ್ರಿಯಿಂದಲೇ ತರಕಾರಿ ಹೆಚ್ಚಲು ಜನ ಬೇಕು. ಬರುವವರು ಮನೆಯ ಮೆಟ್ಟುಕತ್ತಿ ಹಿಡಿದುಕೊಂಡು ಬನ್ನಿ, ಹಿಡಿಗೆ ಹೆಸರು ಬರೆದಿರಲಿ. ದೇವಸ್ಥಾನದಲ್ಲಿರುವುದು ಆರೇ, ಅದರಲ್ಲಿ ಎರಡು ಮೊಂಡು.

ಇತಿ,
ಆಡಳಿತ ಮಂಡಳಿ ಮತ್ತು ಸಪ್ತಾಹ ಸಮಿತಿಯ ಪರವಾಗಿ