ಚಿಗರಿಗೆ ಕೊಪ್ಪಳದಲ್ಲೇ ಚಿಕಿತ್ಸೆ ಕೊಡಿಸಿ: ಅರಣ್ಯ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ಮಳೆ ಬಿದ್ದು ಯಲಬುರ್ಗಾ, ಕುಕನೂರು ಸೀಮೆಯ ಎರಿ ಹೊಲ ಹಸಿಯಾದರೆ ಚಿಗರಿಯ, ಅಂದರೆ ಕೃಷ್ಣಮೃಗದ, ಗೊರಸು ಹೂತು ಓಡಲಾಗುವುದಿಲ್ಲ. ನಾಯಿಗಳು ಹಿಂಡುಗಟ್ಟಿ ಬೀಳುತ್ತವೆ. ವರ್ಷಾ ವರ್ಷ ಇದೇ ಗೋಳು, ವರ್ಷಾ ವರ್ಷ ನಮ್ಮ ಮನವಿ. ಸ್ವೀಕೃತಿಯ ಮುದ್ರೆ ಬಿಟ್ಟು ಏನೂ ಸಿಕ್ಕಿಲ್ಲ. ಕೊಪ್ಪಳ ಜಿಲ್ಲೆಯೊಳಗೇ ವನ್ಯಜೀವಿ ಚಿಕಿತ್ಸಾ ಕೇಂದ್ರ ಕೊಡಿ.

ಕೃಷ್ಣಮೃಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ, ನಿಮಗೆ ಗೊತ್ತೇ ಇದೆ. ಗಾಯಗೊಂಡಾಗ ಅದನ್ನು ಸಾಗಿಸುವ ಪರಿ ನೋಡಿ: ನಾಲ್ಕೂ ಕಾಲು ಬಿಗಿದು, ಮಗ್ಗುಲಿಗೆ ಕೆಡವಿ, ತೆರೆದ ಜೀಪಿನಲ್ಲಿ, ಸುತ್ತ ಮೊಬೈಲು ಹಿಡಿದ ಜನ. ಮೆಲುಕು ಹಾಕುವ ಪ್ರಾಣಿ ಮಗ್ಗುಲಾಗಿ ಬಿದ್ದಿದ್ದರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಹೆದರಿ ಒದ್ದಾಡಿದಂತೆಲ್ಲ ಸ್ನಾಯು ಒಡೆಯುತ್ತದೆ, ಒಡೆದದ್ದು ರಕ್ತ ಸೇರಿ ಮೂತ್ರಪಿಂಡ ಕೆಡಿಸುತ್ತದೆ, ಮೂತ್ರ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಯ ಸಣ್ಣದಿದ್ದರೂ ಕೆಲವೇ ದಿನದಲ್ಲಿ ಸಾಯುತ್ತದೆ. ‘ಹೃದಯಾಘಾತ’ ಎಂದು ಬರೆದು ಕಡತ ಮುಚ್ಚುತ್ತಾರೆ. ನಾಯಿಯ ಬಾಯಿಂದ ಉಳಿದದ್ದನ್ನು ಆ ಜೀಪು ಕೊಲ್ಲುತ್ತಿದೆ ಸ್ವಾಮಿ! ಕಮಲಾಪುರದ ಮೃಗಾಲಯಕ್ಕೋ ಗದಗಕ್ಕೋ ಕುಲುಕಿಸುತ್ತ ಒಯ್ಯುವ ಪ್ರತಿ ನಿಮಿಷವೂ ಅದರ ಆಯುಸ್ಸು ಕಡಿಮೆಯಾಗುತ್ತದೆ. ಅದಕ್ಕೇ ಕೇಂದ್ರ ಇಲ್ಲೇ ಬೇಕು.

ಪ್ರತಿ ವಲಯ ಕಚೇರಿಗೆ ಗಾಳಿಕಿಂಡಿಯಿರುವ ಮರದ ಪೆಟ್ಟಿಗೆ, ಒಳಗೆ ಕತ್ತಲೆ, ತಳಕ್ಕೆ ಹುಲ್ಲು, ಕಣ್ಣು ಮುಚ್ಚಲು ದಪ್ಪ ಹತ್ತಿಬಟ್ಟೆ. ಇಷ್ಟೂ ಕೊಡಲಾಗದೇ? ಪ್ರಾಣಿ ಮಗ್ಗುಲಾಗದೆ, ಎದೆ ತಳಕ್ಕೂರಿ ಕೂತಿರಬೇಕು. ಮೈ ಬಿಸಿ 41 ಡಿಗ್ರಿ ಸೆಲ್ಸಿಯಸ್ ದಾಟಿದ್ದರೆ ಮೊದಲು ನೀರು ಸುರಿದು ತಣಿಸಬೇಕು, ಸಾಗಾಟ ಆಮೇಲೆ.

ನಾಯಿ ಕಡಿತ ಹೊರಗೆ ಸಣ್ಣ ತೂತು, ಚರ್ಮದಡಿ ಮಾಂಸವೆಲ್ಲ ಜಜ್ಜಿರುತ್ತದೆ. ಮೇಲೆ ಹೊಲಿಗೆ ಹಾಕಿ ಕಳಿಸಿದರೆ ಒಳಗೇ ಕೀವು ಕಟ್ಟುತ್ತದೆ. ಕೂದಲು ಕತ್ತರಿಸಿ, ಸಲೈನಿನಿಂದ ಚೆನ್ನಾಗಿ ತೊಳೆದು, ಕೀವು ಹರಿದುಹೋಗಲು ಗಾಯದ ಬಾಯಿ ತೆರೆದೇ ಬಿಡಬೇಕು. ದನದ ದವಾಖಾನಿಯ ಡಾಕ್ಟರರನ್ನು ದೂರುತ್ತಿಲ್ಲ. ಅವರಿಗೆ ವನ್ಯಜೀವಿ ತರಬೇತಿ ಕೊಡಿಸಬೇಕಾದವರು ನೀವು.

‘ಅನಾಥ’ ಎಂದು ಎತ್ತಿ ತರುವ ಎಷ್ಟೋ ಮರಿಗಳಿಗೆ ತಾಯಿ ಇರುತ್ತದೆ. ಎಳೆಮರಿಯನ್ನು ಹುಲ್ಲಲ್ಲಿ ಅಡಗಿಸಿಟ್ಟು ತಾಯಿ ಮೇಯಲು ಹೋಗಿರುತ್ತದೆ. ಗಾಯವಿಲ್ಲದಿದ್ದರೆ ಅದೇ ಜಾಗದಲ್ಲಿ ಬಿಟ್ಟು ದೂರದಿಂದ ಕಾಯಬೇಕು. ತಾಯಿ ಸತ್ತದ್ದು ಖಚಿತವಾದರೆ ಮೊದಲು ಮೈ ಬೆಚ್ಚಗಾಗಿಸಿ, ನಂತರ ಹಾಲು. ತಲೆ ಹಿಂದಕ್ಕೆ ಎತ್ತಿ ಹೊಯ್ದರೆ ಹಾಲು ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗುತ್ತದೆ. ಹಳ್ಳಿ ಹಳ್ಳಿಗೆ ಇದನ್ನು ತಿಳಿಸುವವರೂ ಬೇಕು.

ಪರಿಶೀಲಿಸುತ್ತೇವೆ ಎಂಬ ಉತ್ತರ ಇನ್ನು ಬೇಡ. ಮುಂದಿನ ಮಳೆಗಾಲದೊಳಗೆ ಕೊಪ್ಪಳದಲ್ಲಿ ಚಿಕಿತ್ಸಾ ಕೇಂದ್ರ, ತರಬೇತಾದ ಪೂರ್ಣಾವಧಿ ವೈದ್ಯರು, ವಲಯಕ್ಕೊಂದು ಪೆಟ್ಟಿಗೆ ಬರಲಿ. ಆದೇಶದ ಪ್ರತಿ ಕಳಿಸಿಕೊಡಿ.

ಇಂತಿ,
ಕುಕನೂರು ಸೀಮೆಯ ವನ್ಯಜೀವಿ ಕಾರ್ಯಕರ್ತರು